ಬೆಳ್ಳಿ ಬಟ್ಟಲಿನ ಜಾಗ

ಇನ್ನೊಂದು ಕಾಲು ಮಡಚುವುದು ಬಾಕಿ ಇತ್ತು. ಬಾಳಮ್ಮ ಸತ್ತವಳ ಎಡ ಮೊಣಕಾಲಿನ ಕೆಳಗೆ ಕೈಹಾಕಿ, ಎಲ್ಲಿ ನೋವಾದೀತೋ ಎಂಬಂತೆ ಮೆಲ್ಲಗೆ ಎಳೆದು, ಚಕ್ಕಳಮಕ್ಕಳ ಹಾಕಿಸಿ, ಬೆನ್ನನ್ನು ಗೋಡೆಗೆ ಆನಿಸಿದಳು. ತಲೆ ಮುಂದಕ್ಕೆ ವಾಲಿತು. ಅದನ್ನು ಭುಜದಿಂದ ತಡೆದುಕೊಂಡೇ ಮನೆಯಿಂದ ತಂದಿದ್ದ ಉಣ್ಣೆಯ ಹಗ್ಗ ಬಿಚ್ಚಿದಳು. ಎದೆಗೊಂದು ಸುತ್ತು, ಗೋಡೆಯ ಗೂಟಕ್ಕೊಂದು ಸುತ್ತು.

“ಜರಾ ತಡಕೋ ಬಂಡವ್ವಾ. ಆತು, ಇಷ್ಟೇ,” ಎಂದಳು, ಹೆಣ ಅವಸರ ಮಾಡುತ್ತಿದೆಯೇನೋ ಎಂಬಂತೆ.

ಅವಸರ ಇದ್ದದ್ದು ಬಾಳಮ್ಮನಿಗೆ. ಲಿಂಗವಂತರ ಹೆಣವನ್ನು ಕೂರಿಸಿ ಮಣ್ಣು ಮಾಡಬೇಕು. ಜೀವ ಹೋದ ಸ್ವಲ್ಪ ಹೊತ್ತಿನಲ್ಲೇ ಕೂರಿಸಿದರೆ ಸರಿ, ಇಲ್ಲದಿದ್ದರೆ ಮೈ ಸೆಟೆದು ಆಮೇಲೆ ಯಾರು ಬಂದರೂ ಕಾಲು ಮಡಚುವುದಿಲ್ಲ. ಕೂರಿಸಬೇಕಾದವರು ಸತ್ತವಳ ಕುಲದ ಮಂದಿ. ಆ ಮಂದಿ ಬಂಡಮ್ಮನ ಹೊಸ್ತಿಲು ತುಳಿಯದೆ ವರ್ಷಗಳೇ ಕಳೆದಿದ್ದವು. ಅವರು ಹೊತ್ತೇರಿಸಿಕೊಂಡು ಬರುತ್ತಾರೆ, ಮೂಗಿಗೆ ಸೆರಗು ಹಿಡಿದು ಇಣುಕುತ್ತಾರೆ, ‘ಸೆಟೆದು ಹೋಗಿದೆ, ಮಲಗಿಸಿಯೇ ಹುಗಿದುಬಿಡಿ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಇದು ಬಾಳಮ್ಮನಿಗೆ ಗೊತ್ತಿತ್ತು. ಸಾಯುವ ಮುನ್ನ ಬಂಡಮ್ಮನಿಗೂ ಗೊತ್ತಿತ್ತು. ಹಾಗಾಗಿ ಬೀರಪ್ಪನ ಒಕ್ಕಲಿನ, ಕುರಿ ಕಾಯುವವರ ಮನೆಯ ಹೆಣ್ಣೊಬ್ಬಳು, ಕೊರಳಲ್ಲಿ ಲಿಂಗವಿಲ್ಲದ ಭವಿ, ಕೋಳಿ ಕೂಗುವ ಹೊತ್ತಿನಲ್ಲಿ ಮುಟ್ಟಬಾರದ ಮೈಯನ್ನು ಮುಟ್ಟಿ ಕೂರಿಸಿದಳು.

ಹಿಂದಿನ ಸಂಜೆ ಬಂಡಮ್ಮ ಎರಡು ಮಾತು ಕೇಳಿಕೊಂಡಿದ್ದಳು. ಉಸಿರು ಸಾಲದೆ ಒಂದೊಂದೇ ಮಾತು ಹೆಕ್ಕಿ ಆಡಿದ್ದಳು.

“ನನ್ನ ಕುಂದರಿಸೇ ಹುಗೀಬೇಕು, ಬಾಳಿ. ಕಟ್ಟಿಗಿ ಮಲಗಿಸಿದಂಗ ಮಲಗಸಬ್ಯಾಡ್ರಿ.”

“ಆತವ್ವಾ.”

“ಮತ್ತ ಮಣ್ಣ ಮುಚ್ಚೂದ್ರಾಗ ನಾಕ ಮಂದಿ ಮುಂದ ಒಂದ ಮಾತ ಹೇಳು. ಬಂಡಿ ಕಳ್ಳಿ ಅಲ್ಲ ಅಂತ. ಅವತ್ತ ನಿನ್ನ ಬಾಯಿ ನಾನೇ ಮುಚ್ಚಿದೆ. ಮುಚ್ಚಬಾರದಾಗಿತ್ತು.”

ಬಾಳಮ್ಮ ಆಕೆಯ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

ಈಗ ಆಕೆಯ ಕೊರಳ ಲಿಂಗವನ್ನು ಆ ಅಂಗೈಗಿಟ್ಟು, ಕೈಯನ್ನು ಮಡಿಲಲ್ಲಿ ಸರಿಯಾಗಿ ಇರಿಸಿ, ಸೆರಗು ತಲೆಯ ಮೇಲೆ ಹೊದಿಸಿ, ಬಾಳಮ್ಮ ಹಿಂದೆ ಸರಿದು ನೋಡಿದಳು. ಮುದುಕಿಯ ತಲೆಯ ಮೇಲೆ ಗೋಡೆಗೆ ಉದ್ದನೆಯ ಹಲಗೆ ಹಾಕಿತ್ತು. ಹಲಗೆಯ ಮೇಲೆ ಸಾಲಾಗಿ ಹಿತ್ತಾಳೆಯ, ಕಂಚಿನ, ತಾಮ್ರದ ಪುಟ್ಟ ಪುಟ್ಟ ಬಟ್ಟಲುಗಳು, ನಿನ್ನೆ ತಾನೇ ಬೂದಿ ಹಾಕಿ ತಿಕ್ಕಿದಂತೆ ಹೊಳೆಯುತ್ತಿದ್ದವು. ನಿನ್ನೆ ತಾನೇ ತಿಕ್ಕಿದ್ದೂ ಹೌದು. ಏಳಲಾರದ ಮುದುಕಿ ಗೋಡೆ ಹಿಡಿದೆದ್ದು ಒಂದೊಂದೇ ಇಳಿಸಿ, ಕೂತು ತಿಕ್ಕಿ, ಮತ್ತೆ ಏರಿಸಿಟ್ಟಿದ್ದಳು. ಪ್ರತಿ ಬಟ್ಟಲಿನ ಮೇಲೆ ಗೋಡೆಯಲ್ಲೊಂದು ಮೊಳೆ, ಮೊಳೆಗೊಂದು ಬಣ್ಣದ ದಾರ. ಬಾಗಿಲ ಕಡೆಯ ಮೊದಲನೆಯ ಮೊಳೆಗೆ ಕೆಂಪು ದಾರವಿತ್ತು. ಅದರ ಕೆಳಗೆ ಬಟ್ಟಲಿರಲಿಲ್ಲ.

ಬಾಳಮ್ಮ ಹೊರಗೆ ಬಂದು, ಬಾಗಿಲು ಮುಂದಕ್ಕೆ ಎಳೆದು, ತನ್ನ ಜಾಗವಾದ ಹೊರಕಟ್ಟೆಯ ಮೇಲೆ ಕೂತು, ಊರಿಗೆಲ್ಲ ಕೇಳುವ ಹಾಗೆ ಅಳತೊಡಗಿದಳು.

*

ಹತ್ತಿ ಬಿಡಿಸುವ ದಿನ ಬಂದರೆ ಆ ಊರಲ್ಲಿ ಹೆಂಗಸರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕೂಲಿಯವಳು ಕೂಲಿಗೆ ಹೋದರೆ ಒಡತಿ ಕೂಲಿಯವರ ಮೇಲೆ ಕಣ್ಣಿಡಲು ಹೋಗಬೇಕು. ಮಕ್ಕಳನ್ನು ಏನು ಮಾಡುವುದು? ಕೆಲವರು ಅಫೀಮಿನ ಕಾಳು ನೆಕ್ಕಿಸಿ ಬದುವಿನ ನೆರಳಲ್ಲಿ ಮಲಗಿಸುತ್ತಿದ್ದರು. ಹಾಗೆ ಮಲಗಿದ ಒಂದು ಕೂಸು ಏಳಲೇ ಇಲ್ಲ. ಅಂದಿನಿಂದ ಬಂಡಮ್ಮ, ಗಂಡ ಸತ್ತ, ಮಕ್ಕಳಿಲ್ಲದ, ಬಾಯಿ ಬಿರುಸಿನ ಹೆಂಗಸು, “ನಿಮ್ಮ ಅಫೀಮಿಗೆ ಬೆಂಕಿ ಹಚ್ಚರಿ, ಕೂಸಗೋಳ ನನ್ನ ಮನಿಗೆ ತಂದ ಹಾಕ್ರಿ,” ಎಂದಳು. ಸುಗ್ಗಿಯಲ್ಲಿ ಮನೆಗೊಂದಿಷ್ಟು ಜೋಳ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ತೊಲೆಗಳಿಗೆ ಹಳೆಯ ಸೀರೆ ಕಟ್ಟಿದ ಜೋಳಿಗೆಗಳು, ಹರಕು ಕೌದಿಗಳು, ಒಂದು ಗಡಿಗೆ ಅಂಬಲಿ, ಒಂದು ಗಡಿಗೆ ಮಜ್ಜಿಗೆ, ಅಳುವವರಿಗೆಂದು ಬೆಲ್ಲದ ಚೂರು. ಇಷ್ಟು ಸಾಮಾನಿನಲ್ಲಿ ಆಕೆ ಊರಿನ ಅರ್ಧ ಸಂತಾನವನ್ನು ಸಾಕಿದಳು. ಕಷ್ಟವಿದ್ದದ್ದು ಬಟ್ಟಲುಗಳಲ್ಲಿ. ಪ್ರತಿ ಮಗುವೂ ತನ್ನ ಮನೆಯಿಂದ ತನ್ನ ಬಟ್ಟಲು ತರಬೇಕು. ಒಬ್ಬರದರಲ್ಲಿ ಇನ್ನೊಬ್ಬರು ಕುಡಿದರೆ ತಾಯಂದಿರು ಜಡೆ ಹಿಡಿದು ಜಗಳಾಡುತ್ತಾರೆ. ಅದಕ್ಕೇ ಬಂಡಮ್ಮ ದಾರದ ಉಪಾಯ ಮಾಡಿದಳು. ಮಗುವಿನ ಮುಂಗೈಗೆ ಯಾವ ಬಣ್ಣದ ದಾರವೋ ಅದರ ಬಟ್ಟಲಿನ ಮೇಲಿನ ಮೊಳೆಗೂ ಅದೇ ಬಣ್ಣ. ಲಿಂಗವಂತರ ಮಕ್ಕಳ ಬಟ್ಟಲು ಒಳಗಿನ ಹಲಗೆಯ ಮೇಲೆ, ಕುರುಬರ ಮಕ್ಕಳವು ಹೊರಕಟ್ಟೆಯ ಗೂಡಿನಲ್ಲಿ. ಕುರುಬರ ಬಟ್ಟಲಿಗೆ ಅಂಬಲಿಯನ್ನು ಮೇಲಿನಿಂದ ಸುರಿಯುತ್ತಿದ್ದಳು, ಮುಟ್ಟುತ್ತಿರಲಿಲ್ಲ. ತರಚಿದ ಮೊಣಕಾಲಿಗೆ ಅರಿಸಿನ ಹಚ್ಚುವಾಗ ಮಾತ್ರ ಯಾವ ಜಾತಿಯ ಮೊಣಕಾಲೆಂದು ನೋಡುತ್ತಿರಲಿಲ್ಲ. ಅಕ್ಕರೆಯ ದಾರಿ ಬೇರೆ, ಆಚಾರದ ದಾರಿ ಬೇರೆ. ಬಂಡಮ್ಮ ಎರಡರಲ್ಲೂ ಒಂದೊಂದು ಕಾಲಿಟ್ಟುಕೊಂಡೇ ನಡೆದವಳು.

ಬಾಳಮ್ಮನದು ಕರಿಯ ದಾರ. ಅವಳಪ್ಪ ಕಾಸಾರಶಿರಸಿಯ ಸಂತೆಯಲ್ಲಿ ಕಂಬಳಿ ಮಾರಿ ತಂದ ಹಿತ್ತಾಳೆ ಬಟ್ಟಲು. ತಂದ ದಿನವೇ ಕುರಿಯೊಂದು ತುಳಿದು ಹೊಟ್ಟೆ ತಗ್ಗಾಗಿತ್ತು. ಹಲಗೆಯ ಮೊದಲನೆಯ ಜಾಗ ಮನ್ಮಥಪ್ಪನ ಒಬ್ಬನೇ ಮಗ ಬಸುವಿನದು. ಬಸವಣ್ಣೆಪ್ಪ ಎಂದು ಹೆಸರು, ಕರೆಯುವುದು ಬಸು. ಅವನದು ಬೆಳ್ಳಿ ಬಟ್ಟಲು. ಅವನ ತಾಯಿ ಲಲಿತಾಬಾಯಿಯ ತವರಿನವರು ಉಮರ್ಗಾದಿಂದ ತೊಟ್ಟಿಲ ಶಾಸ್ತ್ರಕ್ಕೆ ತಂದದ್ದು. ಉಳಿದ ಬಟ್ಟಲುಗಳು ರಾತ್ರಿಯೂ ಹಲಗೆಯ ಮೇಲೇ ಇರುತ್ತಿದ್ದವು, ಇದು ಮಾತ್ರ ಬೆಳಿಗ್ಗೆ ಮಗನ ಸಂಗಡ ಬರುತ್ತಿತ್ತು, ಸಂಜೆ ಮಗನ ಸಂಗಡ ಹೋಗುತ್ತಿತ್ತು. ಹಲ್ಲು ಬರುವಾಗ ಬಸು ಅದರ ಅಂಚನ್ನು ಕಚ್ಚಿ ಕಚ್ಚಿ ಒಂದು ಕಡೆ ಸೊಟ್ಟ ಮಾಡಿದ್ದ.

*

ನಿಲಂಗಾದಿಂದ ರೇವಣಪ್ಪ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬಂಡಮ್ಮನ ಮೈದುನನ ಮಗ. ಮುದುಕಿಗೆ ಇದ್ದ ಒಬ್ಬನೇ ವಾರಸುದಾರ. ಬಂದವನು ಮೊದಲು ಮಾಳಿಗೆಯ ತೊಲೆಗಳನ್ನು ನೋಡಿದ, ಆಮೇಲೆ ಹಿತ್ತಿಲು ನೋಡಿದ, ಕೊನೆಗೆ ದೊಡ್ಡವ್ವನ ನೆನಪಾಗಿ ಕಣ್ಣು ಒರೆಸಿಕೊಂಡ.

ಅಂಗಳದಲ್ಲಿ ಮಂದಿ ಸೇರಿದ್ದರು. ಬದುಕಿದ್ದಾಗ ಬಾರದವರು ಸತ್ತಮೇಲೆ ಬರುವುದು ಲೋಕರೂಢಿ. ಸತ್ತವರು ಕುಡಿಯಲು ನೀರು ಕೇಳುವುದಿಲ್ಲ, ಅದೊಂದು ಅನುಕೂಲ. ಮನ್ಮಥಪ್ಪ ಕಟ್ಟೆಯ ಈಚೆ ಕೋಲೂರಿ ನಿಂತಿದ್ದ. ಲಲಿತಾಬಾಯಿ ಹೆಂಗಸರ ಹಿಂದೆ, ಸೆರಗು ಮೂಗಿನವರೆಗೆ ಎಳೆದುಕೊಂಡು ಕೂತಿದ್ದಳು.

“ಮಲಗಿಸಿ ಒಯ್ಯೂದ ಚೊಲೊ ಏನ್ರಿ?” ಎಂದ ರೇವಣಪ್ಪ. “ಹೊತ್ತಾಗ್ಯದ. ಮೈ ಸೆಟದಿರ್ತದ. ತಗ್ಗೂ ಭಾಳ ಆಳ ಬೇಕಾಗಲ್ಲ.”

“ಹೂಂ ಮತ್ತ,” ಎಂದ ಮನ್ಮಥಪ್ಪ. “ಅಯ್ಯನವರು ಆಕಿ ಮನಿ ಭಿಕ್ಷಾ ಬಿಟ್ಟ ಎಷ್ಟ ವರ್ಷಾತು. ಆಚಾರ ಬಿಟ್ಟಾಕಿಗಿ ಆಚಾರದ ಮಣ್ಣ ಯಾಕ?”

ಮಠದ ರಾಚಯ್ಯ ಮುದುಕನಾಗಿದ್ದ, ಕಣ್ಣು ಮಂಜಾಗಿತ್ತು. ಎದ್ದು, ಬಾಗಿಲು ತಳ್ಳಿ ಒಳಗೆ ಇಣುಕಿದ. ಇಣುಕಿದವನು ಹಾಗೇ ನಿಂತ.

“ಕುಂತಾಳಲ್ಲೋ!” ಎಂದ. “ಯಾರ ಕುಂದರಿಸ್ಯಾರ?”

ಎಲ್ಲರ ಕಣ್ಣು ಹೊರಕಟ್ಟೆಯ ಕಡೆ ತಿರುಗಿತು. ಬಾಳಮ್ಮ ಎದ್ದು ನಿಂತಳು.

“ಯಾರೂ ಕುಂದರಿಸಿಲ್ರೀ ಅಯ್ಯನವರ. ತಾವೇ ಕುಂತಿದ್ರು. ಕುಂತಲ್ಲೇ ಜೀವ ಹೋತು. ನಾ ಹೊರಗಿಂದ ನೋಡ್ದೆ.”

“ಕುಂತಲ್ಲೇ?”

“ಹೂಂ ರೀ. ಲಿಂಗಾ ಕೈಯಾಗ ಹಿಡಕೊಂಡು.”

ಅಂಗಳದಲ್ಲಿ ಗುಸುಗುಸು ಎದ್ದಿತು. ಕೂತಲ್ಲೇ, ಲಿಂಗ ಹಿಡಿದು ಪ್ರಾಣ ಬಿಡುವ ಸಾವು ಮಠದ ಅಯ್ಯಗಳಿಗೂ ಸಿಗುವಂಥದಲ್ಲ. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಇಬ್ಬರು ಮೂವರು ಅರ್ಧ ಎತ್ತಿದ ಕೈಯಿಂದ ತಲೆ ಕೆರೆದುಕೊಂಡರು.

ರಾಚಯ್ಯ ಒಳಗೆ ಹೋದ. ಬಾಗಿಲ ಸಂದಿಯಿಂದ ಬಾಳಮ್ಮನಿಗೆ ಕಾಣುತ್ತಿತ್ತು. ಮುದುಕ ಹೆಣದ ಹತ್ತಿರ ಬಗ್ಗಿ ಹಗ್ಗ ಮುಟ್ಟಿ ನೋಡಿದ. ಕರಿಯ ಉಣ್ಣೆಯ ಹಗ್ಗ. ಗೂಟಕ್ಕೆ ಹಾಕಿದ್ದು ಕುರಿ ಕಟ್ಟುವ ಗಂಟು. ಎಳೆದಷ್ಟೂ ಬಿಗಿಯಾಗುವಂಥದು, ಕುರುಬರಲ್ಲದೆ ಇನ್ನಾರೂ ಹಾಕುವುದಿಲ್ಲ. ಹಗ್ಗ ಬಿಚ್ಚಿ ತೆಗೆಯುವುದು ಬೆಳಗಿನ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

ರಾಚಯ್ಯ ಬಹಳ ಹೊತ್ತು ಗಂಟಿನೊಡನೆ ಒದ್ದಾಡಿದ. ಬಿಚ್ಚಿದ ಹಗ್ಗವನ್ನು ಸುರುಳಿ ಸುತ್ತಿ ತನ್ನ ಕಾವಿ ಜೋಳಿಗೆಯೊಳಗೆ ಹಾಕಿಕೊಂಡು ಹೊರಗೆ ಬಂದ.

“ಮೈ ನೆಟ್ಟಗ ಕುಂತದ,” ಎಂದ. “ಕುಂದರಿಸೇ ಒಯ್ಯರಿ. ಶಿವನ ಮುಂದ ಕುಂತಾಕಿನ್ನ ಮಲಗ್ಸಾಕ ನಾವ್ಯಾರು?”

ಬಾಳಮ್ಮನಿಗೆ ಧೈರ್ಯ ಬಂತು. ಒಂದು ಮಾತು ಆಯಿತು, ಇನ್ನೊಂದೂ ಈಗಲೇ ಆಗಿಹೋಗಲಿ ಎನಿಸಿತು.

“ಅಯ್ಯನವರ, ನಂದೊಂದ ಮಾತ ಅದ ರೀ. ಆ ಬೆಳ್ಳಿ ಬಟ್ಟಲಾ...”

ಮನ್ಮಥಪ್ಪ ಕೋಲು ನೆಲಕ್ಕೆ ಕುಟ್ಟಿದ. “ಏ! ಬಾಯಿ ಮುಚ್ಚು!”

ಹೆಂಗಸರ ಸಾಲಿನಲ್ಲಿ ಲಲಿತಾಬಾಯಿಯ ಸೆರಗು ಅಲುಗಿತು.

“ನನ್ನ ಮಗನ್ನ ತಿಂದಾಕಿಗಿ ಹೆಗಲ ಕೊಡಾಕ ಬಂದೀನಿ ನಾ. ಹೊಟ್ಟಿ ಒಳಗ ಬೆಂಕಿ ಇಟಗೊಂಡ ಬಂದೀನಿ,” ಎಂದ ಮನ್ಮಥಪ್ಪ. ಅವನ ದನಿ ಒಡೆಯಿತು. ಆ ದುಃಖ ಸುಳ್ಳಾಗಿರಲಿಲ್ಲ. “ಕುಂದರಿಸಿ ಒಯ್ಯರಿ, ನಾ ಬ್ಯಾಡ ಅನ್ನಲ್ಲ. ಖರೆ, ಆ ಹಳೀ ಮಾತ ಯಾರರ ಎತ್ತಿದ್ರ ನಮ್ಮ ಮಂದಿ ಒಬ್ಬರೂ ನಿಲ್ಲಲ್ಲ. ಆಮ್ಯಾಲ ನಿಮ್ಮ ಕುರುಬರೇ ಹೊತಗೊಂಡ ಹೋಗ್ರಿ, ಹೆಂಗ ಬೇಕೋ ಹಂಗ ಹುಗೀರಿ.”

“ಆತ್ರೀ ಧಣ್ಯಾರ, ಯಾರೂ ಎತ್ತಲ್ಲ,” ಎಂದ ರೇವಣಪ್ಪ ಗಡಬಡಿಸಿ. ಮನೆಯ ಬಾಗಿಲಲ್ಲಿ ಹೆಣವಿರುವಾಗ ಜಗಳ ಯಾರಿಗೆ ಬೇಕು? ಅವನು ಬಾಳಮ್ಮನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದ. “ಕೇಳ್ದೇನವಾ? ಆಕಿ ಮಣ್ಣ ಸುದ್ದ ಆಗಬೇಕಂದ್ರ ಸುಮ್ಮ ಇರು.”

ಬಾಳಮ್ಮ ಕಟ್ಟೆಯ ಮೇಲೆ ಕೂತಳು. ಮುದುಕಿ ಎರಡು ಮಾತು ಕೇಳಿದ್ದಳು. ಒಂದನ್ನು ನಡೆಸಿದರೆ ಇನ್ನೊಂದು ಕೆಡುತ್ತಿತ್ತು.

*

ಅದು ಮಾನಮೋಡಿ ಜ್ವರ ಬಂದ ವರ್ಷ. ಮುಂಜಾನೆ ಕೆಮ್ಮಿದವರು ಮರುದಿನ ಮಣ್ಣಿಗೆ ಹೋಗುತ್ತಿದ್ದರು. ಆದರೂ ಹತ್ತಿ ಹೊಲದಲ್ಲಿ ಬಿರಿದು ನಿಂತಿತ್ತು, ಹತ್ತಿಗೆ ಜ್ವರ ಬರುವುದಿಲ್ಲವಲ್ಲ. ಬಾಳಮ್ಮ ಆಗ ಹಲ್ಲು ಬೀಳುವ ವಯಸ್ಸಿನ ಹುಡುಗಿ.

ಹೊತ್ತು ಮೂಡುವ ಮುಂಚೆ ಲಲಿತಾಬಾಯಿ ಓಡುತ್ತಾ ಬಂದಳು. ಬಸುವನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು. ಮಗು ಕಣ್ಣು ತೆರೆಯುತ್ತಿರಲಿಲ್ಲ.

“ಮೈ ಸುಡಾಕತ್ತದಲ್ಲವಾ!” ಎಂದಳು ಬಂಡಮ್ಮ.

“ರಾತ್ರಿ ನಿದ್ದಿ ಮಾಡಿಲ್ಲ, ಅಷ್ಟೇ. ಕೂಲ್ಯಾರು ಹೊಲಕ್ಕ ಹೋಗ್ಯಾರ್ರೀ. ನಾ ಹೋಗಲಿಲ್ಲಂದ್ರ ನಮ್ಮ ಮನ್ಯಾವರು ನನ್ನ ಜೀವಾ ತೆಗೀತಾರ.”

“ಬಟ್ಟಲಾ ಎಲ್ಲೆದ?”

ಲಲಿತಾಬಾಯಿ ತನ್ನ ಖಾಲಿ ಕೈ ನೋಡಿಕೊಂಡಳು. “ಅಯ್ಯ, ಮರತೆ. ಯಾರ ಕೈಯಾಗರ ಕಳಸ್ತೀನಿ.” ಹೇಳುತ್ತಲೇ ಓಡಿದಳು.

ಬಟ್ಟಲು ಬರಲಿಲ್ಲ. ಬಿಸಿಲೇರಿದಂತೆ ಜ್ವರ ಏರಿತು. ಬಸು “ನೀರ... ನೀರ...” ಎಂದು ನರಳತೊಡಗಿದ. ಬಂಡಮ್ಮ ತಂಬಿಗೆ ಹಿಡಿದು ಹಲಗೆಯ ಮುಂದೆ ನಿಂತಳು. ಬೇರೆ ಮಕ್ಕಳ ಬಟ್ಟಲಿನಲ್ಲಿ ಕೊಡುವಂತಿಲ್ಲ. ಆ ಜ್ವರದ ದಿನಗಳಲ್ಲಿ ಒಬ್ಬೊಬ್ಬ ತಾಯಿಯೂ ತನ್ನ ಮಗುವಿನ ಬಟ್ಟಲನ್ನು ಇನ್ನೊಬ್ಬರಿಗೆ ಕೊಡಬೇಡವೆಂದು ಆಣೆ ಹಾಕಿಸಿದ್ದಳು. ಉಳಿದದ್ದು ಬಂಡಮ್ಮನದೇ ತಂಬಿಗೆ, ಬಂಡಮ್ಮನದೇ ಬಟ್ಟಲು. ಅದನ್ನು ಕೈಗೆ ತೆಗೆದುಕೊಂಡಳು, ಮತ್ತೆ ಇಟ್ಟಳು. ಗಂಡನನ್ನು ನುಂಗಿದವಳ ಬಟ್ಟಲು. ಅದರಲ್ಲಿ ಜ್ವರ ಬಂದ ಒಬ್ಬನೇ ಮಗನಿಗೆ ನೀರು ಕುಡಿಸಿದರೆ? ಊರಿನವರಿಗಿಂತ ಮೊದಲು ಬಂಡಮ್ಮನೇ ಆ ಶಕುನಕ್ಕೆ ಹೆದರಿದಳು. ಹೆದರಿಕೆಯಲ್ಲೂ ಆ ಮಗು ಬದುಕಲಿ ಎಂಬುದೇ ಇತ್ತು.

ಆಗ ಹೊಸ್ತಿಲಾಚೆಯಿಂದ ಬಾಳಿ ಎಂಬ ಹುಡುಗಿ ತನ್ನ ತಗ್ಗು ಬಿದ್ದ ಹಿತ್ತಾಳೆ ಬಟ್ಟಲಿನ ತುಂಬ ನೀರು ತಂದು ಮುಂದೆ ಚಾಚಿದಳು.

“ಇದರಾಗ ಕುಡಸವ್ವಾ. ನಾ ತೊಳದೀನಿ.”

ಬಂಡಮ್ಮ ಒಂದು ಗಳಿಗೆ ನೋಡಿದಳು. ಮಗು ಮತ್ತೆ ನೀರೆಂದಿತು. ಬಂಡಮ್ಮ ಬಟ್ಟಲನ್ನು ಹುಡುಗಿಯ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ಬಸುವಿನ ಬಾಯಿಗಿಟ್ಟಳು. ಅವನು ಗಟಗಟ ಕುಡಿದು “ಇನ್ನಾ” ಎಂದ. ಬಾಳಮ್ಮನಿಗೆ ಈಗಲೂ ಆ “ಇನ್ನಾ” ಕೇಳಿಸುತ್ತದೆ.

ಮರುದಿನ ಬಸು ಸತ್ತ. ನೋಡಿದವರಿದ್ದರು, ಹೇಳಿದವರಿದ್ದರು, ಊರ ಬಾಯಿಗೆ ಮುಚ್ಚಳವಿಲ್ಲ. ಮಠದಲ್ಲಿ ಪಂಚರು ಕೂತರು. ಭವಿಯ ಬಟ್ಟಲಲ್ಲಿ ಕುಡಿಸಿದ್ದಕ್ಕೇ ಶಿವ ಮಗುವನ್ನು ಕಿತ್ತುಕೊಂಡನೆಂದು ಮನ್ಮಥಪ್ಪ ಎದೆ ಬಡಿದುಕೊಂಡ. ಅದೇ ವಾರ ಹಲಗೆಯ ಮೇಲಿನ ಬಟ್ಟಲಿನಲ್ಲೇ ಕುಡಿದ ನಾಲ್ಕು ಮಕ್ಕಳೂ ಸತ್ತಿದ್ದವು. ಅವನ್ನು ಯಾರು ಕಿತ್ತುಕೊಂಡರೆಂದು ಯಾರೂ ಕೇಳಲಿಲ್ಲ.

“ಅಂವನ ಬಟ್ಟಲಾ ಇರಲಿಲ್ರೀ,” ಎಂದಳು ಬಂಡಮ್ಮ.

ಮನ್ಮಥಪ್ಪ ಕಂಬದ ಹಿಂದೆ ಕೂತ ಹೆಂಡತಿಯ ಕಡೆ ತಿರುಗಿದ. ಆ ನೋಟವನ್ನು ಬಾಳಿ ನೋಡಿದ್ದಳು. ಬಡಿಯಲು ಎತ್ತಿದ ಕೋಲಿನಂಥ ನೋಟ.

“ಕೊಟ್ಟ ಕಳಸಿದ್ದೇನು, ಇಲ್ಲೇನು?”

“ಕೊಟ್ಟಿನ್ರೀ,” ಎಂದಳು ಲಲಿತಾಬಾಯಿ. “ಬೆಳ್ಳಿ ಬಟ್ಟಲಾ... ಆಕಿ ಕೈಯಾಗೇ ಕೊಟ್ಟೀನಿ.”

ಹಾಗೆ ಬಂಡಮ್ಮ ಆಚಾರಗೇಡಿಯಷ್ಟೇ ಅಲ್ಲ, ಕಳ್ಳಿಯೂ ಆದಳು. ನಿಲಂಗಾದ ಪೊಲೀಸ ಅಮೀನನಿಗೆ ಒಪ್ಪಿಸುತ್ತೇನೆಂದು ಮನ್ಮಥಪ್ಪ ಕೂಗಾಡಿದ. ಬಾಳಿ ಗುಂಪಿನೊಳಗೆ ನುಗ್ಗಿ “ಸುಳ್ಳ! ಬಸು ಬರೇ ಕೈಲೆ ಬಂದಿದ್ದ!” ಎಂದು ಚೀರುವಷ್ಟರಲ್ಲಿ ಬಂಡಮ್ಮ ಅವಳ ಬಾಯಿಯ ಮೇಲೆ ಕೈ ಒತ್ತಿ ಎಳೆದುಕೊಂಡು ಬಂದುಬಿಟ್ಟಳು.

“ಮಗ ಹೋಗ್ಯಾನ ಆಕಿಂದು,” ಎಂದಿದ್ದಳು ದಾರಿಯಲ್ಲಿ. “ಈಗ ಖರೇ ಹೇಳಿದ್ರ ಅಂವಾ ಆಕಿನ್ನ ಕೊಂದೇ ಹಾಕ್ತಾನ. ನಾಕ ದಿನ ಹೋಗಲಿ. ತಾನೇ ಬಂದ ಹೇಳ್ತಾಳ.”

ಹೇಳುತ್ತಾಳೆಂದು ಮೊದಲನೆಯ ಮೊಳೆಯ ದಾರ ಬಿಚ್ಚಲಿಲ್ಲ. ಅಯ್ಯಗಳು ಭಿಕ್ಷೆ ನಿಲ್ಲಿಸಿದರು, ಲಿಂಗವಂತರ ಮಕ್ಕಳು ಬರುವುದು ನಿಂತಿತು. ಮೈಲಿಗೆಯಾದ ಮನೆಯ ಬಟ್ಟಲು ಬೇಡವೆಂದು ಯಾರೂ ಅವನ್ನು ಒಯ್ಯಲೂ ಇಲ್ಲ. ಕುರುಬರ ಮಕ್ಕಳಷ್ಟೇ ಬರುತ್ತಿದ್ದರು, ಹೊರಕಟ್ಟೆಯ ಮೇಲೆ ಕೂತು ಕುಡಿಯುತ್ತಿದ್ದರು. ಬಂಡಮ್ಮ ದಿನವೂ ಹಲಗೆಯ ಬಟ್ಟಲು ಇಳಿಸಿ, ತಿಕ್ಕಿ, ಅವರವರ ದಾರದ ಕೆಳಗೆ ಇಡುತ್ತಿದ್ದಳು. ಎಲ್ಲ ಕಳಕೊಂಡ ಮೇಲೂ ಬಾಳಮ್ಮನ ಬಟ್ಟಲನ್ನು ಒಳಗಿನ ಹಲಗೆಗೆ ಏರಿಸಲಿಲ್ಲ. ಬಾಳಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

*

ಹೊಲದ ಬದಿಯಲ್ಲಿ, ಬಂಡಮ್ಮನ ಗಂಡನ ಗದ್ದುಗೆಯ ಪಕ್ಕ, ತಗ್ಗು ತೋಡಿದ್ದವನು ಬಾಳಮ್ಮನ ಗಂಡ ಬೀರಣ್ಣ. ಹೆಣ ಮುಟ್ಟಿದರೆ ಮೈಲಿಗೆ, ಹೆಣದ ತಗ್ಗು ತೋಡಿದರೆ ಕೆಲಸ. ಶಾಸ್ತ್ರ ಬರೆದವರ ಕೈಯಲ್ಲಿ ಎಂದೂ ಗುದ್ದಲಿ ಇದ್ದಿರಲಿಕ್ಕಿಲ್ಲ. ಗಂಡ ಹೆಂಡತಿ ಇಬ್ಬರೂ ಮಣ್ಣಿನ ಗುಡ್ಡೆಯ ಮೇಲೆ ಸಲಿಕೆ ಹಿಡಿದು ನಿಂತಿದ್ದರು. ಅಲ್ಲಿಂದ ತಗ್ಗು ಪೂರ್ತಿ ಕಾಣುತ್ತಿತ್ತು.

ಬಂಡಮ್ಮ ಕೆಳಗೆ, ತಗ್ಗಿನ ಗೋಡೆಗೆ ಕೊರೆದ ಗೂಡಿನಲ್ಲಿ ನೆಟ್ಟಗೆ ಕೂತಿದ್ದಳು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ರಾಚಯ್ಯ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ. ಒಬ್ಬೊಬ್ಬರಾಗಿ ಬಂದು ಬಿಲ್ವಪತ್ರೆ, ವಿಭೂತಿ ಗಟ್ಟಿ ಹಾಕಿ ಹಿಂದೆ ಸರಿದರು. ಆಕೆಯ ಕೈತುತ್ತು ತಿಂದು ಬೆಳೆದು ಮೀಸೆ ಬಂದ ಗಂಡಸರೂ ಬಂದರು. ಪತ್ರೆ ಹಾಕುವಾಗ ಒಬ್ಬನಾದರೂ ಆ ಮುಖ ನೋಡಲಿಲ್ಲ.

ಕೊನೆಗೆ ಲಲಿತಾಬಾಯಿ ಬಂದಳು.

“ನೋಡ್ರೆವಾ, ಮಗನ್ನ ತಿಂದಾಕಿಗಿ ಪತ್ರಿ ಹಾಕಾಕ ಬಂದಾಳ,” ಎಂದಿತು ಒಂದು ದನಿ. “ಎಷ್ಟ ದೊಡ್ಡ ಮನಸಂತೀನಿ.”

ಲಲಿತಾಬಾಯಿ ತಗ್ಗಿನ ಅಂಚಿನಲ್ಲಿ ಕುಕ್ಕರಿಸಿ, ಮಡಿಲಲ್ಲಿ ಕಟ್ಟಿಕೊಂಡಿದ್ದ ಪತ್ರೆಯನ್ನು ಸೆರಗಿನ ಮರೆಯಲ್ಲೇ ಬಿಚ್ಚಿ ಸುರಿದಳು. ಪತ್ರೆಯ ಜೊತೆಗೆ ಇನ್ನೇನೋ ಜಾರಿ ಬಂಡಮ್ಮನ ಮಡಚಿದ ಕಾಲಿನ ಬಳಿ ಬಿತ್ತು. ಮೆತ್ತನೆಯ ಮಣ್ಣಿನಲ್ಲಿ ಸದ್ದಾಗಲಿಲ್ಲ. ಬಾಳಮ್ಮ ಬಗ್ಗಿ ನೋಡಿದಳು. ಎಲೆಗಳ ನಡುವೆ ಕಪ್ಪಿಟ್ಟ ಬೆಳ್ಳಿಯ ಒಂದು ಅಂಚು. ಆ ಅಂಚು ಒಂದು ಕಡೆ ಸೊಟ್ಟಗಿತ್ತು, ಹಾಲುಹಲ್ಲು ಕಚ್ಚಿದ ಹಾಗೆ.

ಬಾಳಮ್ಮ ತಲೆಯೆತ್ತಿದಳು. ಲಲಿತಾಬಾಯಿ ಅವಳನ್ನೇ ನೋಡುತ್ತಿದ್ದಳು. ಸೆರಗು ಜಾರಿ ಮುಖ ಬಯಲಾಗಿತ್ತು. ಬಣ್ಣವೇ ಇಲ್ಲದ ಮುಖ.

ಬಾಳಮ್ಮನ ಮೈಯೆಲ್ಲ ಉರಿಯಿತು. ಇಗೋ, ಇಲ್ಲೇ ಇದೆ! ನಾಲ್ಕು ಮಂದಿಯಲ್ಲ, ಇಡೀ ಊರು ಇಲ್ಲಿದೆ! ಒಂದು ಸಾರಿ ಕೂಗಿದರೆ ಸಾಕು, ಎಲ್ಲರೂ ಬಗ್ಗಿ ನೋಡುತ್ತಾರೆ. ಇಷ್ಟು ವರ್ಷ ಯಾರ ಮನೆಯ ಯಾವ ಗಡಿಗೆಯೊಳಗೆ ಅಡಗಿತ್ತು ಇದು? ಸಾಲು ಸಾಲು ಸುಗ್ಗಿ ಆ ಮುದುಕಿ ಕೆಂಪು ದಾರದ ಕೆಳಗಿನ ಧೂಳು ಒರೆಸುತ್ತಿದ್ದಾಗ ಇದು ಎಲ್ಲಿತ್ತು?

ಬಾಯಿ ತೆರೆಯಿತು. ಕೂಗಿದರೆ ಮನ್ಮಥಪ್ಪ ತಗ್ಗಿಗಿಳಿಯುತ್ತಾನೆ. ಬಡಿದಾಟ ಆಗುತ್ತದೆ. ಅರ್ಧ ಮಂದಿ ಎದ್ದು ಹೋಗುತ್ತಾರೆ. ಅಯ್ಯನ ಮಂತ್ರ ಅರ್ಧಕ್ಕೆ ನಿಲ್ಲುತ್ತದೆ. ಕೂತವಳು ಹಾಗೇ ಕೂತಿರುತ್ತಾಳೆ, ಮೇಲೆ ಮಣ್ಣಿಲ್ಲದೆ, ಹೊತ್ತು ಮುಳುಗುವವರೆಗೆ, ನರಿ ನಾಯಿ ಬರುವವರೆಗೆ.

“ಯಾಕ ನಿಂತೀ?” ಎಂದ ಮನ್ಮಥಪ್ಪ. “ಹೊತ್ತ ಮುಳಗಾಕ ಬಂತು. ಎಳಿ ಮಣ್ಣ.”

ರಾಚಯ್ಯ ಕಣ್ಣು ತೆರೆದು ತಲೆಯಾಡಿಸಿದ.

ಬಾಳಮ್ಮ ಸಲಿಕೆ ಎತ್ತಿದಳು. ಮೊದಲನೆಯ ಮಣ್ಣು ಬಿದ್ದದ್ದು ಬಟ್ಟಲಿನ ಮೇಲೆ. ಎರಡನೆಯದು ಮಡಿಲಿಗೆ. ಮುಖ ಮುಚ್ಚುವ ಮೊದಲು ಅವಳ ತುಟಿ ಅಲುಗಿತು. ಆಣೆ ಮಾಡಿದ ಮಾತನ್ನು ಆಡಿದಳು. ಮಣ್ಣು ಬೀಳುವ ಸದ್ದಿಗಿಂತ ಸಣ್ಣ ದನಿಯಲ್ಲಿ ಆಡಿದಳು.

“ಏನಂದಿ?” ಎಂದ ಪಕ್ಕದಲ್ಲಿದ್ದ ಬೀರಣ್ಣ.

“ಏನಿಲ್ಲ. ನೀ ಎಳಿ.”

*

ಮಣ್ಣಿನಿಂದ ಬಂದವರು ಕಾಲು ತೊಳೆದುಕೊಂಡು ಬಂಡಮ್ಮನ ಮನೆಗೆ ಬಂದರು. ದೀಪ ನೋಡಿ ಹೋಗಬೇಕು, ಅದು ಪದ್ಧತಿ. ಒಳಗೆ ಮುದುಕಿ ಕೂತಿದ್ದ ಗೋಡೆಯ ಬುಡದಲ್ಲಿ ರೇವಣಪ್ಪ ಹಣತೆ ಹಚ್ಚಿದ್ದ. ದೀಪದ ಬೆಳಕಿಗೆ ಹಲಗೆಯ ಬಟ್ಟಲುಗಳು ಮಿನುಗಿದವು. ಹೆಂಗಸರು ದೀಪ ನೋಡಲಿಲ್ಲ, ಬಟ್ಟಲು ನೋಡಿದರು.

“ಹಸರ ದಾರದ್ದು ನಮ್ಮ ಗಂಗೂಂದಲ್ಲೇನ?” ಎಂದಳು ಒಬ್ಬಳು.

“ಖರೇ ಕಂಚ ನೋಡವಾ. ಈಗಿನ ಕಾಲದಾಗ ಇಂಥಾದ್ದ ಎಲ್ಲಿ ಸಿಗ್ತದ?”

“ಖರೆ, ಮೈಲಿಗಿ ಆಗ್ಯಾವಲ್ಲ?”

“ಮಣ್ಣಿನ ಬಟ್ಟಲಾದ್ರ ಮೈಲಿಗಿ. ಹಿತ್ತಾಳಿ ಕಂಚು ಬೆಂಕಿಗಿ ಹಿಡದ್ರ ಶುದ್ಧ ಆಗ್ತಾವ. ಹೌದಲ್ರೀ ಅಯ್ಯನವರ?”

ರಾಚಯ್ಯ ಕೋಲು ಹಿಡಿದು ಹೊರಟ. ಹೊಸ್ತಿಲು ದಾಟುವಾಗ ಜೋಳಿಗೆಯಿಂದ ಹಗ್ಗದ ಸುರುಳಿ ತೆಗೆದು, ಬಾಳಮ್ಮನನ್ನು ನೋಡದೆಯೇ, ಕಟ್ಟೆಯ ಮೇಲೆ ಇಟ್ಟು ಹೋದ.

ಹೆಂಗಸರು ದಾರ ನೋಡಿ ನೋಡಿ ತಮ್ಮ ತಮ್ಮ ಬಟ್ಟಲು ಇಳಿಸಿಕೊಂಡರು. ಒಬ್ಬರದು ಇನ್ನೊಬ್ಬರಿಗೆ ಹೋಗಲಿಲ್ಲ, ಜಗಳವೂ ಆಗಲಿಲ್ಲ. ಬಂಡಮ್ಮನ ವ್ಯವಸ್ಥೆ ಅಷ್ಟು ಚೊಕ್ಕವಾಗಿತ್ತು. ಬೆಂಕಿಗೆ ಹಿಡಿದರೆ ಹೋಗುವ ಮೈಲಿಗೆಗಾಗಿ ಇಷ್ಟು ವರ್ಷ ಒಬ್ಬಳನ್ನು ದೂರ ಇಟ್ಟಿದ್ದೆವೆಂದು ಯಾರಿಗೂ ಹೊಳೆಯಲಿಲ್ಲ. ಸೆರಗಿನ ಒಳಗೆ ಹಿತ್ತಾಳೆ ಕಂಚು ಅಡಗಿಸಿಕೊಂಡು ಒಬ್ಬೊಬ್ಬರೇ ಮನೆಗೆ ಹೋದರು. ರೇವಣಪ್ಪ ಹಿತ್ತಿಲ ಗೋಡೆ ಅಳೆಯಲು ಹೋದ.

ಲಲಿತಾಬಾಯಿ ಅಂಗಳದಲ್ಲಿ ಒಬ್ಬಳೇ ನಿಂತಿದ್ದಳು. ಏಕೆ ನಿಂತಿದ್ದಳೋ ಅವಳಿಗೂ ಗೊತ್ತಿರಲಿಲ್ಲವೇನೋ. ಬಾಳಮ್ಮ ಕಟ್ಟೆಯಿಂದ ಇಳಿದು ಎದುರು ನಿಂತಳು.

“ಎಲ್ಲಾರೂ ತಮ್ಮ ತಮ್ಮ ಬಟ್ಟಲಾ ಒಯ್ದ್ರು, ಬಾಯಾರ. ನೀವು ನಿಮ್ಮದ ಒಯ್ಯಲಿಲ್ಲ?”

“ನಮ್ಮದ ಎಲ್ಲಿತ್ತ ಇಲ್ಲಿ?” ಎಂದಳು ಲಲಿತಾಬಾಯಿ.

ಮಾತು ಹೊರಗೆ ಬಿದ್ದಮೇಲೆ ತಾನೇನು ಅಂದೆನೆಂದು ಅವಳಿಗೆ ತಿಳಿಯಿತು. ಕೈ ಬಾಯಿಗೆ ಹೋಯಿತು. ಕೇಳಿಸಿಕೊಳ್ಳಲು ಅಲ್ಲಿ ಬಾಳಮ್ಮನ ಹೊರತು ಯಾರೂ ಇರಲಿಲ್ಲ. ಬಾಳಮ್ಮನ ಮಾತಿಗೆ ಅಂದೂ ಬೆಲೆಯಿರಲಿಲ್ಲ, ಇಂದೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

“ಬಾಳೀ...” ಎಂದಳು ಲಲಿತಾಬಾಯಿ. “ಅವರಿಗಿ...”

“ಹೋಗ್ರೀ. ಧಣ್ಯಾರು ದಾರಿ ನೋಡತಿರ್ತಾರ.”

ಲಲಿತಾಬಾಯಿ ಸೆರಗು ಮುಖಕ್ಕೆ ಎಳೆದುಕೊಂಡು, ಗೋಡೆಯ ಮಗ್ಗುಲಿಗೇ ನಡೆದು ಹೋದಳು.

ಬಾಳಮ್ಮ ಹೊರಕಟ್ಟೆಯ ಗೂಡಿಗೆ ಕೈಹಾಕಿ ತನ್ನ ಹಿತ್ತಾಳೆ ಬಟ್ಟಲನ್ನು ತೆಗೆದಳು. ಈಗ ಅದರಲ್ಲಿ ಅವಳ ಮಗಳು ಕುಡಿಯುತ್ತಿದ್ದಳು. ಬೂದಿ ಹಾಕಿ ತಿಕ್ಕಿದಳು, ತೊಳೆದಳು, ತಗ್ಗು ಬಿದ್ದ ಹೊಟ್ಟೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬಂಡಮ್ಮನ ಗಡಿಗೆಯಿಂದ, ತಾನು ಎಂದೂ ಮುಟ್ಟಿರದ ಗಡಿಗೆಯಿಂದ, ತಾನೇ ನೀರು ಬಗ್ಗಿಸಿ ಅಂಚಿನವರೆಗೆ ತುಂಬಿದಳು. ಹೊಸ್ತಿಲು ದಾಟಿ ಒಳಗೆ ಬಂದಳು. ಉದ್ದನೆಯ ಹಲಗೆ ಖಾಲಿಯಾಗಿತ್ತು. ಮೊಳೆಗಳಲ್ಲಿ ದಾರಗಳು ಮಾತ್ರ ಉಳಿದಿದ್ದವು. ಅವಳು ಕಾಲ್ಬೆರಳ ಮೇಲೆ ನಿಂತು, ಒಂದು ಹನಿಯೂ ಚೆಲ್ಲದ ಹಾಗೆ, ಕೆಂಪು ದಾರದ ಕೆಳಗೆ, ಮೊದಲನೆಯ ಜಾಗದಲ್ಲಿ ತನ್ನ ಬಟ್ಟಲನ್ನು ಇಟ್ಟಳು.